ಫೈಲ್ ರೂಮಿನ ಮನೆ

ಮಾರ್ಚ್ ೧೨, ಗುರುವಾರ

ಥೂ, ನನ್ನ ಜನ್ಮಕ್ಕೆ!

ಮೂರು ವರ್ಷ ಬೀದಿಯಲ್ಲಿ ಧರಣಿ ಕೂತು ಗೆದ್ದ ಕಟ್ಟಡ. ಖಾಲಿ ಬಿದ್ದಿದ್ದ ಆಫೀಸು ಇಂದು ಬಡವರ ಮನೆಗಳಾಯಿತು. ಕೆಳಗೆ ಅಗಲವಾದ ಫುಟ್‌ಪಾತ್, ಗಿಡ, ಬೆಂಚು. ಬೀಗದ ಕೈ ಹಂಚಿದವನು ನಾನೇ. ಅದೇ ಆಫೀಸಿನಲ್ಲಿ ಇಪ್ಪತ್ತು ವರ್ಷ ಕಸ ಗುಡಿಸಿದ ಅಕ್ಕನನ್ನು ಆರನೇ ಮಹಡಿಗೆ ಕರೆದೊಯ್ದೆ. ಬಾಗಿಲು ತೆರೆದವಳು ಒಳಗೆ ಕಾಲಿಡಲಿಲ್ಲ.

“ಅಣ್ಣಾ, ಇದು ಫೈಲ್ ರೂಮಲ್ವಾ? ಮಟಮಟ ಮಧ್ಯಾಹ್ನಾನೂ ಲೈಟ್ ಹಾಕ್ಕೊಂಡೇ ಗುಡಿಸ್ತಿದ್ದೆ. ಕಿಟಕಿ ಎಲ್ಲಿ?”

“ಫ್ಯಾನ್ ಇದೆಯಲ್ಲಕ್ಕಾ.”

“ಫೈಲಿಗೇನು, ಉಸಿರಾಡ್ಬೇಕಾಗಿಲ್ಲ ಬಿಡಣ್ಣ. ನನ್ನ ಮಗಳಿಗೆ ಉಬ್ಬಸ.”

ಹನ್ನೆರಡು ಮನೆ ಕಡಿಮೆಯಾದರೂ ಸರಿ, ಗಾಳಿ ಬೆಳಕಿಗೆ ಕಟ್ಟಡದ ನಡುವೆ ತಾರಸಿಯಿಂದ ನೆಲದವರೆಗೆ ಬಾವಿಯಂತೆ ಕೊರೆಯೋಣ ಎಂದು ನಕ್ಷೆಯ ಸಭೆಯಲ್ಲಿ ಎಂಜಿನಿಯರ್ ಅಂಗಲಾಚಿದ್ದ. “ಕಿಟಕಿ ಉಳ್ಳವರ ಶೋಕಿ, ಮೊದಲು ಸೂರು!” ಎಂದು ಮೇಜು ಕುಟ್ಟಿದವನು ನಾನು. ಚಪ್ಪಾಳೆಯೋ ಚಪ್ಪಾಳೆ. ಅಕ್ಕನೂ ತಟ್ಟಿದ್ದಳು. ಅದೇ ವಾರ ಬೀದಿ ಕಡೆಯ ಮನೆಯೊಂದನ್ನು ನನ್ನ ಹೆಸರಿಗೆ ಬರೆಸಿಕೊಂಡೆ. ಅದಕ್ಕೆ ಎರಡು ಕಿಟಕಿ.

“ನಿಂದು ಯಾವ ಕಡೆ ಅಣ್ಣಾ?” ಎಂದಳು.

“ಇನ್ನೂ ಗೊತ್ತಾಗಿಲ್ಲ,” ಎಂದೆ. ಆ ಮನೆಯ ಬೀಗದ ಕೈ ಜೇಬಿನಲ್ಲೇ ಇತ್ತು. ಇಷ್ಟು ವರ್ಷ ಧಣಿಗಳ ಮುಖಕ್ಕೆ ಉಗಿದವನಿಗೆ ಇವತ್ತು ಉಗಿಯಲು ಬೇರೆ ಮುಖ ಸಿಗಲಿಲ್ಲ.

ಬೆಳಗಾದ ಕೂಡಲೇ ಅಕ್ಕನ ಜೊತೆ ಮನೆ ಅದಲುಬದಲು ಮಾಡಿಕೊಳ್ಳಬೇಕು. ಮನೆಯವಳಿಗೆ ಈಗಲೇ ಹೇಳಬೇಕು. ಅವಳು ಪಕ್ಕದಲ್ಲೇ ಕೂತು ಪರದೆಯ ಬಟ್ಟೆ ಕತ್ತರಿಸುತ್ತಿದ್ದಾಳೆ. ಎರಡನೇ ಕಿಟಕಿ ಎಷ್ಟು ಅಗಲ ಎಂದು ಈಗಷ್ಟೇ ಕೇಳಿದಳು.

ಅಳತೆ ಹೇಳಿಬಿಟ್ಟೆ.