ಸಿದ್ದೀಕನ ಅರ್ಕಾವತ್ತು

ನವೆಂಬರ್ ೧೧, ಮಂಗಳವಾರ. ಅಂಗಡಿ ತೆರೆಯುವ ಮೊದಲು

ಮತ್ತೆ ಬೈಗುಳದ ಇಮೇಲ್. ಯಾರೋ ಮೇಷ್ಟ್ರು. ಹಳೇ ಫಾಂಟಿನ ಫೈಲನ್ನು ನಮ್ಮ ‘ಮರುಲಿಪಿ’ಗೆ ಹಾಕಿದರೆ ಅರ್ಧಕ್ಕೇ ನಿಲ್ಲುತ್ತದಂತೆ. ‘ನಾಳೆಯೊಳಗೆ ಸರಿಮಾಡಿ. ಆಗದಿದ್ದರೆ ಇಂಥದ್ದನ್ನು ಜನರಿಗೆ ಕೊಡಬೇಡಿ.’

ಪುಕ್ಕಟೆ ತೆಗೆದುಕೊಂಡವರ ಗತ್ತು ನೋಡಬೇಕು. ಹಳೇ ಕನ್ನಡ ಫೈಲುಗಳನ್ನು ಈಗಿನ ಮೊಬೈಲಿನಲ್ಲೂ ಓದಲು ಬರುವಂತೆ ಬದಲಿಸಿಕೊಡುವ ಸಾಫ್ಟ್‌ವೇರ್ ಅದು. ಕಾಲೇಜಿನಲ್ಲಿ ನಾನೂ ಸಿದ್ದೀಕನೂ ಸೇರಿ ಶುರುಮಾಡಿದ್ದು. ಕೋಡನ್ನು ಯಾರು ಬೇಕಾದರೂ ನೋಡಬಹುದು, ಬಳಸಬಹುದು, ತಿದ್ದಬಹುದು. ಬೈಯಲೂಬಹುದು ಅಂತ ಎಲ್ಲೂ ಬರೆದಿರಲಿಲ್ಲ.

ವೆಬ್‌ಸೈಟಿನಲ್ಲಿ ‘ದೇಣಿಗೆ ಕೊಡಿ’ ಬಟನ್ ಇದೆ. ಒತ್ತಿದವರನ್ನು ಕಾಣೆ. ಸರ್ವರ್ ಬಾಡಿಗೆ ಅಂಗಡಿಯ ಗಲ್ಲಾಪೆಟ್ಟಿಗೆಯಿಂದಲೇ ಹೋಗುತ್ತದೆ. ಸುಳ್ಯದ ಈ ಜೆರಾಕ್ಸ್ ಅಂಗಡಿ ನಮ್ಮ ಮನೆಯವರದ್ದು. ಇವರು ಇಮೇಲ್ ಓದಿ, “ಧರ್ಮಕ್ಕೆ ಕೆಲಸ ಮಾಡುದು, ಮತ್ತೆ ಬೈಸಿಕೊಳ್ಳುದು. ಎಂತಕ್ಕೆ ಮಾರಾಯ್ತಿ ನಿನಗೆ ಇದು?” ಎಂದು ಶಟರ್ ಎತ್ತಿದರು.

ನವೆಂಬರ್ ೧೪, ಶುಕ್ರವಾರ

ಬೆಂಗಳೂರಿನ ಒಂದು ಕಂಪನಿಯಿಂದ ಪತ್ರ. ‘ನೀವಿಬ್ಬರೂ ಒಪ್ಪಿದ್ದಕ್ಕೆ ಸಂತೋಷ.’ ನಾನು ಎಲ್ಲಿ ಒಪ್ಪಿದೆ… ಓದುತ್ತಾ ಹೋದೆ. ತಿಂಗಳು ತಿಂಗಳು ಹಣ ಕೊಡುತ್ತಾರೆ. ಇನ್ನು ಹೊಸದಾಗಿ ಏನು ಬರೆದರೂ ಮೊದಲು ಅವರಿಗೆ. ವರ್ಷ ಕಳೆದ ಮೇಲೆ ಉಳಿದವರಿಗೆ.

ಸಿದ್ದೀಕನಿಗೆ ಫೋನ್ ಮಾಡಿದೆ.

“ಹೌದು, ಒಪ್ಪಿದೆ” ಎಂದ. “ಕೇಳಿದ್ದರೆ ನೀನು ಬೇಡ ಅಂತಿದ್ದೆ.”

“ಅದಕ್ಕೆ ಕೇಳದೆ ಮಾರಿದೆಯಾ?”

“ಮಾರಿದ್ದು ಎಂತ? ಒಂದು ವರ್ಷ ಕಾಯ್ಲಿ ಜನ. ಅವರು ನಮಗೆ ಎಂತ ಕೊಟ್ಟಿದ್ದಾರೆ? ನಿನಗೆ ಗಂಡನ ಅಂಗಡಿ ಉಂಟು. ನಾನು ಗೆಸ್ಟ್ ಲೆಕ್ಚರರ್, ರಜೆ ಬಂದರೆ ಸಂಬಳ ಇಲ್ಲ. ನಿನ್ನ ಆದರ್ಶಕ್ಕೆ ನಾನು ಎಷ್ಟು ದಿನ ಉಪವಾಸ ಕೂರುದು?”

ಗಂಡನ ಅಂಗಡಿ. ಅದೇ ಮಾತು. ಫೋನ್ ಇಟ್ಟೆ. ಕಂಪನಿಗೆ ‘ಇಲ್ಲ’ ಎಂದು ಒಂದೇ ಸಾಲು ಬರೆದೆ. ಆಮೇಲೆ ಮರುಲಿಪಿಯ ಕೋಡಿಗೆ ಕೈಹಾಕಲು ಅವನಿಗಿದ್ದ ಅನುಮತಿ ತೆಗೆದುಹಾಕಿದೆ. ಒಂದು ಕ್ಲಿಕ್. ‘ಖಚಿತವೇ?’ ಎಂದು ಕೇಳಿತು. ಖಚಿತ.

ನವೆಂಬರ್ ೧೬, ಭಾನುವಾರ

ಇವರು: “ಒಮ್ಮೆ ಕೂತು ಮಾತಾಡ್ಬಹುದಿತ್ತು ಅವನ ಹತ್ತಿರ.”

ಯಾರ ಪರ ಇವರು?

ಕೋಡಿನಲ್ಲಿ ಅರ್ಕಾವತ್ತು, ಒತ್ತಕ್ಷರಗಳನ್ನು ಜಾಗಕ್ಕೆ ಕೂರಿಸುವ ಭಾಗ ಪೂರ್ತಿ ಅವನದ್ದು. ಸಾಲು ಸಾಲಿಗೂ ಪಕ್ಕದಲ್ಲಿ ಅವನ ಹೆಸರು. ಕಂಡರೆ ಮೈ ಉರಿಯುತ್ತದೆ. ಹೊಸದಾಗಿ ನಾನೇ ಬರೆಯುತ್ತೇನೆ. ಅಂಥಾ ಬ್ರಹ್ಮವಿದ್ಯೆ ಏನಲ್ಲ.

ಡಿಸೆಂಬರ್ ೯, ಮಂಗಳವಾರ. ಮಧ್ಯಾಹ್ನ

ಪುತ್ತೂರಿನಿಂದ ಪ್ರೆಸ್ಸಿನ ಕಿಟ್ಟಣ್ಣ ಫೋನ್ ಮಾಡಿದರು. ಯಾವುದೋ ಯುವಕ ಮಂಡಲದ ಸ್ಮರಣ ಸಂಚಿಕೆ. ನನ್ನ ಹೊಸ ಅಪ್‌ಡೇಟಿನಲ್ಲಿ ಬದಲಿಸಿದ್ದು. ಅರ್ಕಾವತ್ತುಗಳೆಲ್ಲ ಉದುರಿಹೋಗಿವೆ.

“ಕಾರ್ಯದರ್ಶಿ ಹೋಗಿ ಕಾಯದಶಿ ಆಗಿದೆ ಮೇಡಂ. ಅಧ್ಯಕ್ಷರು ಇಲ್ಲೇ ಬಂದು ಕೂತಿದ್ದಾರೆ. ಎಂತ ಹೇಳುದು ನಾನು ಅವರಿಗೆ?”

“ಪ್ರೂಫ್ ನೋಡುವುದು ಪ್ರೆಸ್ಸಿನವರ ಕೆಲಸ” ಎಂದೆ.

“ಮೊದಲು ಹೀಗೆ ಆಗ್ತಿರಲಿಲ್ಲ. ಆ ಸಿದ್ದೀಕ್ ಉಂಟಲ್ಲ, ಅವನಿಗೆ ಕೊಡಿ ಫೋನು.”

ಅವನು ಇಲ್ಲ ಎಂದೆ. ಇವರು ಜೆರಾಕ್ಸ್ ಹೊಡೆಯುತ್ತಾ ಕೇಳಿಸಿಕೊಂಡರು. ತಲೆ ಎತ್ತಲಿಲ್ಲ.

ಇಮೇಲ್ ಮೇಲೆ ಇಮೇಲ್. ‘ಅಯೋಗ್ಯರು’ ಅಂತ ಒಬ್ಬ. ‘ಹಣಕ್ಕಾಗಿ ಬೇಕಂತಲೇ ಕೆಡಿಸಿದ್ದಾರೆ’ ಅಂತ ಇನ್ನೊಬ್ಬ. ಎಲ್ಲಿ ತಪ್ಪಿದೆ ಎಂದು ಸಿಗುತ್ತಿಲ್ಲ. ಹಳೆಯದನ್ನೇ ವಾಪಸ್ ಹಾಕಿದರೆ ಆಗುತ್ತದೆ. ಹಾಕುವುದಿಲ್ಲ.

ಡಿಸೆಂಬರ್ ೧೧, ಗುರುವಾರ

ಬೆಳಿಗ್ಗೆ ಒಂದು ತಿದ್ದುಪಡಿ ಬಂದಿತ್ತು. ಸಿದ್ದೀಕನದ್ದು. ಅನುಮತಿ ಇಲ್ಲವಲ್ಲ—ಹೊರಗಿನವರು ಕಳಿಸುವ ಹಾಗೆ ಕಳಿಸಿದ್ದಾನೆ, ಊರಿಗೆಲ್ಲ ಕಾಣುವಂತೆ. ‘ಅರ್ಕಾವತ್ತಿನ ತೊಂದರೆ ಸರಿಪಡಿಸಿದ್ದೇನೆ. ದಯವಿಟ್ಟು ಪರಿಶೀಲಿಸಿ.’

ಪರಿಶೀಲಿಸಿ. ನನಗೆ. ಹೋಗೇ ಬಾರೇ ಎನ್ನುತ್ತಿದ್ದವನು.

ತಪ್ಪು ಹುಡುಕಿದೆ. ಸಂಜೆಯವರೆಗೆ ಹುಡುಕಿದೆ. ಸಿಗಬೇಕಿತ್ತು, ಸಿಗಲಿಲ್ಲ. ತನ್ನ ಹಳೇ ಕೋಡನ್ನು ವಾಪಸ್ ಹಾಕಿಲ್ಲ ಅವನು. ನಾನು ಬರೆದದ್ದನ್ನೇ ಇಟ್ಟುಕೊಂಡು ಎರಡು ಸಾಲು ಹಿಂದೆ ಮುಂದೆ ಮಾಡಿದ್ದಾನೆ. ಬೈದಿದ್ದರೆ ಒಳ್ಳೆಯದಿತ್ತು.

ಸೇರಿಸಿದೆ. ಅನುಮತಿಯನ್ನೂ ವಾಪಸ್ ಕೊಟ್ಟೆ. ಥ್ಯಾಂಕ್ಸ್ ಬರೆಯಲಿಲ್ಲ.

ಡಿಸೆಂಬರ್ ೧೪, ಭಾನುವಾರ. ಕಾವು ಪೇಟೆ, ಬಸ್ಸಿಗೆ ಕಾಯುತ್ತಾ

ಅನುಮತಿಯನ್ನು ಅವನು ಸ್ವೀಕರಿಸಲೇ ಇಲ್ಲ. ಫೋನ್ ಎತ್ತುವುದಿಲ್ಲ. ಬೆಳಿಗ್ಗೆ ಮನೆಯ ನಂಬರಿಗೆ ಮಾಡಿದೆ. ಅವನ ತಾಯಿ ಬೀಫಾತುಮ್ಮ ತೆಗೆದರು.

“ಅವ ಮನೆಯಲ್ಲಿ ಇಲ್ಲ ಅಂತ ಹೇಳ್ಲಿಕ್ಕೆ ಹೇಳಿದ್ದಾನೆ ಮಗಳೇ.”

ಹಿಂದಿನಿಂದ “ಉಮ್ಮಾ…” ಎಂದು ಅವನು ಗೊಣಗಿದ್ದು ಕೇಳಿಸಿತು.

“ನಿಮ್ಮದು ಎಂತ ಜಗಳವೋ ನನಗೆ ಗೊತ್ತಿಲ್ಲ” ಎಂದರು ಉಮ್ಮ. “ಅವ ಸರಿ ಊಟ ಮಾಡುದಿಲ್ಲ. ಆ ಬೆಂಗಳೂರಿನವರು ಕೂಡ ಬೇಡ ಅಂದ್ರಂತೆ, ನೀನು ಇಲ್ಲದಿದ್ದರೆ.”

ಅದು ನನಗೆ ಗೊತ್ತಿರಲಿಲ್ಲ.

ಇವರು, “ಹೋಗಿ ಬಾ, ಅಂಗಡಿ ನಾನು ನೋಡ್ತೇನೆ” ಎಂದರು. ಅವನ ಊರು ಈಶ್ವರಮಂಗಲಕ್ಕೆ ಇಲ್ಲಿ ಬಸ್ಸು ಬದಲಿಸಬೇಕು. ಕ್ಷಮೆ ಕೇಳಲು ಹೋಗುತ್ತಿಲ್ಲ. ಕೇಳದೆ ಒಪ್ಪಿದ್ದು ತಪ್ಪೇ, ಇವತ್ತೂ ಅದನ್ನೇ ಹೇಳುತ್ತೇನೆ. ಎದುರು ನಿಂತು ಬೈಯಬೇಕು. ಅವನೂ ಬೈಯಲಿ, ಹೋಗೇ ಬಾರೇ ಅಂತಲೇ ಬೈಯಲಿ. ಅದಾದ ಮೇಲೆ, ಅವನ ಹೊಟ್ಟೆಪಾಡಿಗೂ ಆಗಬೇಕು, ಜನರಿಂದಲೂ ಮುಚ್ಚಿಡಬಾರದು—ಅಂಥ ದಾರಿ ಒಂದಾದರೂ ಇದ್ದರೆ ಇಬ್ಬರೂ ಕೂತು

ಬಸ್ಸು ಬಂತು. ಸೀಟು ಹಿಡಿಯಬೇಕು.