ಹೊನ್ನಿ ಕಿವಿ ಮುಟ್ಟಿದಳಂತೆ

ಕಂಬಶಕೆ ತೊಂಬತ್ತೊಂದು, ಎರಡನೆಯ ಬೇಸಿಗೆಯ ನಡುವಾರ
ಕೃಷ್ಣೆಯ ಹಿನ್ನೀರಿನ ದಂಡೆ, ಕೆಳಗಿನ ಓಣಿ

ಈ ವರ್ಷ ಮಕ್ಕಳನ್ನು ಶಾಲೆಗೆ ಸೇರಿಸಲು ಹೊರಟಿರುವ ತಂದೆತಾಯಿಗಳಿಗೆ ನೀಲಗಂಗವ್ವನ ಶರಣು.

ಮೇಲಿನ ತಾರೀಖು ನೋಡಿ ತಲೆ ಕೆಡಿಸಿಕೊಳ್ಳಬೇಡಿ, ಅದು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ, ನಡುವೆ ಹೆಸರಿಗೊಂದು ಮಳೆ. ಕಂಬಶಕೆ ಎಂದರೇನೆಂದು ಮುಂದೆ ಹೇಳುತ್ತೇನೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ನಿಮ್ಮ ಮಾತುಗಳೂ ನನಗೆ ಅಷ್ಟೇ ವಿಚಿತ್ರ. ‘ರಜೆ’ ಎಂಬ ಪದವನ್ನು ನಾನು ನನ್ನ ಅಜ್ಜಿಯ ಬಾಯಲ್ಲಿ ಮಾತ್ರ ಕೇಳಿದ್ದೆ. ಈ ಪತ್ರ ಹಿಂದಕ್ಕೆ ಹೇಗೆ ಬರುತ್ತದೆಂದು ನನ್ನನ್ನು ಕೇಳಬೇಡಿ. ತಲುಪಿಸುತ್ತೇನೆಂದ ಪುಣ್ಯಾತ್ಮ ಎರಡು ಹೊತ್ತು ನಮ್ಮ ಮನೆಯಲ್ಲಿ ಉಂಡು ಹೋಗಿದ್ದಾನೆ, ಉಂಡ ಮನೆಗೆ ಮೋಸ ಮಾಡಲಾರ ಎಂದು ನಂಬಿದ್ದೇನೆ. ಲೆಕ್ಕಕ್ಕೆ ನೀವು ನನ್ನ ಮುತ್ತಜ್ಜಿಗಿಂತ ಹಿಂದಿನವರು, ಆದರೆ ಇದನ್ನು ಓದುವಾಗ ನೀವು ಹರೆಯದವರು, ನಾನು ಹಲ್ಲು ಉದುರಿದ ಮುದುಕಿ. ಅಲ್ಲಲ್ಲಿ ಗದರಿಸಿ ಬರೆದರೆ ನುಂಗಿಕೊಳ್ಳಿ.

ನಿಮಗೂ ಶಾಲೆಯಿಂದ ಸಂದೇಶಗಳು ಬರುತ್ತವೆಂದು ಬಲ್ಲೆ. ಈ ವಾರ ಮಕ್ಕಳು ಏನು ಕಲಿತರು, ದಾಖಲಾತಿ ಎಂದಿನಿಂದ, ಏನೇನು ತರಬೇಕು ಎಂದೆಲ್ಲ ನಿಮ್ಮ ಫೋನಿಗೆ ಬರುತ್ತದಂತೆ, ನಗುವ ಮಕ್ಕಳ ಚಿತ್ರದ ಜೊತೆಗೆ. ನಮಗೆ ಅದನ್ನು ಹೇಳುಗಂಬ ಹೇಳುತ್ತದೆ. ಹತ್ತೂರ ಶಾಲೆಗಳನ್ನು ನೋಡಿಕೊಳ್ಳುವ ಕಚೇರಿಗೆ ಶಾಲಾವಲಯ ಎನ್ನುತ್ತೇವೆ. ಆ ವಲಯದವರು ಓಣಿಗೊಂದರಂತೆ ನೆಟ್ಟ ಮಾತಾಡುವ ಕಂಬವೇ ಹೇಳುಗಂಬ. ಮೊದಲ ಕಂಬ ನೆಟ್ಟ ವರ್ಷದಿಂದಲೇ ನಮ್ಮ ಶಕೆ ಶುರು. ಬಿಸಿಲಿಳಿದು ಹೊರಗೆ ಕಾಲಿಡುವಂತಾದಾಗ ಹೆಂಗಸರು ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು, ಗಂಡಸರು ಕೈಕಾಲು ತೊಳೆದು, ಎಲ್ಲರೂ ಕಂಬದ ಸುತ್ತ ಕೂಡುತ್ತಾರೆ. ಕಂಬ ಒಂದೊಂದು ಮಗುವಿನ ಹೆಸರು ಹಿಡಿದು ಅದರ ದಿನದ ವರದಿ ಹೇಳುತ್ತದೆ. ತವರಿನಿಂದ ಬಂದ ಅಕ್ಕನ ಹಾಗೆ ಅದರ ದನಿ. ಬೈಗುಳ ಅದಕ್ಕೆ ಗೊತ್ತೇ ಇಲ್ಲ. ಮಗನ ವರದಿ ಎದುರುಮನೆಯವಳ ಮಗನದಕ್ಕಿಂತ ಒಂದು ಮಾತು ಉದ್ದವಾದರೆ ನಮ್ಮ ಓಣಿಯ ತಾಯಂದಿರು ಅಂದು ಪಲ್ಯಕ್ಕೆ ಎಣ್ಣೆ ಕೈಬಿಚ್ಚಿ ಹಾಕುತ್ತಾರೆ. ನಾನೂ ನಗುತ್ತಾ ಕೇಳುತ್ತಿದ್ದೆ.

ಶಾಲೆಗೆ ಸೇರಿಸುವ ಕ್ರಮ ಮಾತ್ರ ಬಹಳ ಹಳೆಯದು, ನಿಮ್ಮ ಅಜ್ಜಂದಿರಿಗೆ ಗೊತ್ತಿದ್ದದ್ದೇ. ಹುಟ್ಟಿದ ದಿನದ ಕಾಗದಗಳೆಲ್ಲ ದೊಡ್ಡ ನೆರೆಯಲ್ಲಿ ಹೋದ ಮೇಲೆ ವಲಯದವರಿಗೆ ಮಕ್ಕಳ ವಯಸ್ಸು ತಿಳಿಯಲು ಬೇರೆ ದಾರಿ ಉಳಿಯಲಿಲ್ಲ. ಮಗು ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿಯನ್ನು ಮುಟ್ಟಬೇಕು. ಮುಟ್ಟಿದರೆ ದಾಖಲು, ತಪ್ಪಿಸುವ ಹಾಗಿಲ್ಲ. ಮುಟ್ಟದಿದ್ದರೆ ಇನ್ನೊಂದು ವರ್ಷ ಮನೆಯಲ್ಲಿ ಆಡಿಕೊಂಡಿರಬಹುದು. ಶಾಲೆಯ ಕಟ್ಟೆಯ ಮೇಲೆ ಇದು ನಡೆಯುವ ದಿನಕ್ಕೆ ಕಿವಿಹಬ್ಬ ಎಂದೇ ಹೆಸರು.

ನನ್ನ ಮಗ ಚನಬಸುವಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಸುಗಂಧಾ, ಶಾಲೆಗೆ ಹೋಗುವವಳು. ಹೋದ ಬೇಸಿಗೆಯಲ್ಲಿ ಒಂದು ದಿನ ಅವಳಿಗೆ ಜ್ವರ ಬಂತು. ಬೆಳಿಗ್ಗೆಯಿಂದ ನನ್ನ ತೊಡೆಯ ಮೇಲೆ ಮಲಗಿದ್ದಳು. ನಾನು ಹಣೆಗೆ ಒದ್ದೆಬಟ್ಟೆ ಹಾಕುತ್ತಿದ್ದೆ, ಸೊಸೆ ರತ್ನವ್ವ ಕಷಾಯ ಕುಡಿಸಿದಳು. ಸಂಜೆ ಕಂಬದ ಬಳಿ ಗಾಳಿ ಆಡೀತೆಂದು ಮಗುವನ್ನು ಹೆಗಲಿಗೆ ಹಾಕಿಕೊಂಡು ಹೋಗಿ ಕೂತೆ. ಕಂಬ ಹೇಳಿತು: “ಪ್ರೀತಿಯ ಪಾಲಕರೇ, ಸುಗಂಧಾ ಇಂದು ಹದಿನೇಳರ ಮಗ್ಗಿಯನ್ನು ತಪ್ಪಿಲ್ಲದೆ ಹೇಳಿದಳು. ತನ್ನ ಬುತ್ತಿಯನ್ನು ಗೆಳತಿಯೊಡನೆ ಹಂಚಿಕೊಂಡಳು. ನಿಮಗೆ ಅಭಿನಂದನೆಗಳು.” ಓಣಿಯವರು ಚಪ್ಪಾಳೆ ತಟ್ಟಿದರು. ರತ್ನವ್ವನ ಮುಖ ಅರಳಿತು.

“ಯವ್ವಾ ರತ್ನಾ, ಕೂಸು ಮುಂಜಾನಿಂದ ನನ್ನ ತೊಡಿ ಮ್ಯಾಲ ಐತಿ. ನೀನಾ ಕಷಾಯ ಕುಡಿಸೀದಿ” ಎಂದೆ.

“ಅದೂ ಖರೇ ಅತ್ತಿ, ಇದೂ ಖರೇ. ಮಂದಿ ಮುಂದ ಸುಮ್ನ ಇರ್ರಿ” ಎಂದಳು.

ಜ್ವರದ ಮಗು ತಲೆಯೆತ್ತಿ, “ನಾ ಹೋಗೇ ಇಲ್ಲ” ಎಂದಿತು. ಸುಳ್ಳು ಹೇಳಬೇಡ ಎಂದು ಅದರ ಅಪ್ಪ ಗದರಿದ. ಕಂಬಕ್ಕೆ ಎದುರಾಡುವುದು ನಮ್ಮಲ್ಲಿ ಹಿರಿಯರಿಗೆ ಎದುರಾಡಿದಂತೆ. ವಾರ ಕಳೆಯುವುದರೊಳಗೆ ಸುಗಂಧಾ ತಾನೇ ಆ ಬುತ್ತಿಯ ಕಥೆ ಹೇಳತೊಡಗಿದಳು, ಗೆಳತಿಗೆ ಶೇಂಗಾ ಚಟ್ನಿ ಬಹಳ ಸೇರಿತು ಎಂದಳು. ಈಗ ಏನಾಗಿದೆಯೆಂದರೆ, ಅವಳನ್ನು ಏನು ಕೇಳಿದರೂ ಸಂಜೆಯವರೆಗೆ ಉತ್ತರವಿಲ್ಲ. ಇವತ್ತು ಏನು ಕಲಿತೆ ಎಂದರೆ ಕಂಬದ ಕಡೆ ನೋಡುತ್ತಾಳೆ. ಮೊಣಕಾಲು ತರಚಿ ರಕ್ತ ಬರುತ್ತಿದ್ದರೂ, ನೋಯುತ್ತದೆಯೇನೇ ಎಂದರೆ ಕಂಬದ ಕಡೆ ನೋಡುತ್ತಾಳೆ. ನನ್ನ ಎದೆ ಒಡೆದದ್ದು ಅಲ್ಲಿ.

ಶಾಲೆಗೇ ಹೋಗಿ ಮಾಸ್ತರರನ್ನು ಕೇಳಿದೆ. ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟ, ನೀರು ಕೊಟ್ಟ. “ವರದಿ ನಾವು ಬರಿಯೂದಿಲ್ರಿ ಅಜ್ಜಿ, ಅದು ತಾನಾ ಬರತೈತಿ” ಎಂದ. ಹಿಂದೆ ಯಾವಾಗಲೋ ದಾಖಲಾತಿಯ ಹೊತ್ತಿಗೆ ವಲಯದವರು ಪಾಲಕರಿಗೊಂದು ಪ್ರಶ್ನೆ ಹಾಕಿದ್ದರಂತೆ: ಮಗು ಬಾರದ ದಿನವೂ ನಿಮಗೆ ವರದಿ ಬೇಕೇ? ಸಂಜೆ ಬರಿಗೈಯಲ್ಲಿ ಏಳುವುದು ಯಾರಿಗೆ ಬೇಕು? ಎಲ್ಲರೂ ಬೇಕು ಎಂದಿದ್ದರು. ಅಲ್ಲಿಂದ ಯಾವ ಮಗು ಬಂತು, ಯಾವುದು ಬರಲಿಲ್ಲ ಎಂದು ನೋಡುವ ಕೆಲಸವೇ ಯಾರಿಗೂ ಉಳಿಯಲಿಲ್ಲ. ಮಾಸ್ತರ ಇದನ್ನು ಹೇಳುವಾಗ ಅವನ ಹಿಂದಿನ ಕೋಣೆಯಲ್ಲಿ ಮಕ್ಕಳ ಸದ್ದೇ ಇರಲಿಲ್ಲ. ಇಣುಕಿ ನೋಡುವ ಧೈರ್ಯ ನನಗಾಗಲಿಲ್ಲ.

ಚಿಕ್ಕವಳು ಹೊನ್ನಿ. ಬೆಳಗಾದರೆ ಅವಳ ಬಾಯಿಗೆ ಬೀಗವಿಲ್ಲ. ಮೊಸಳೆಗೆ ಬಾಯಾರಿಕೆ ಆಗುತ್ತದೆಯೇ, ರೊಟ್ಟಿ ಯಾಕೆ ಉಬ್ಬುತ್ತದೆ, ನೀನು ಮೊದಲಿನಿಂದಲೂ ಮುದುಕಿಯೇ ಎಂದು ಪ್ರಾಣ ತಿನ್ನುತ್ತಾಳೆ. ಇವಳನ್ನಾದರೂ ಒಂದು ವರ್ಷ ಕಂಬದ ಬಾಯಿಗೆ ಕೊಡಬಾರದೆಂದು ಹಟ ತೊಟ್ಟೆ. ಕೈಯನ್ನು ನೆತ್ತಿಯ ಮೇಲೆ ಹಾಯಿಸಿ, ಕಿವಿಗೆ ಇನ್ನೂ ಎರಡು ಬೆರಳು ದೂರವಿರುವಾಗಲೇ ನಿಲ್ಲಿಸುವುದನ್ನು ಆಟವೆಂದು ಕಲಿಸಿದೆ. ಹುಡುಗಿ ಚೆನ್ನಾಗಿ ಕಲಿತಳು. ಆದರೆ ಕಿವಿಹಬ್ಬದ ಮುನ್ನಾದಿನ ಅಪ್ಪನ ಮುಂದೆ ಹೋಗಿ, “ನೋಡಪ್ಪಾ, ನನಗ ಬರತೈತಿ” ಎಂದು ಕಿವಿ ಹಿಡಿದು ತೋರಿಸಿಬಿಟ್ಟಳು. ಮೂಗಿಗಿಂತ ಮೂಗುತಿ ಭಾರ ಎನ್ನುವಷ್ಟು ಅಭಿಮಾನ ಆ ಚೋಟುದ್ದದ ಹುಡುಗಿಗೆ.

ಹಬ್ಬದ ದಿನ ರತ್ನವ್ವ ಮೊದಲೇ ಕಟ್ಟೆಯ ಬಳಿ ಹೋಗಿ ಜಾಗ ಹಿಡಿದಳು, ಹೊನ್ನಿಯನ್ನು ಕರೆತರುವುದು ನನ್ನ ಪಾಲಿಗೆ ಬಂತು. ನಾನು ಕರೆದೊಯ್ದದ್ದು ಹಿನ್ನೀರಿಗೆ. ನೀರು ಇಳಿದಾಗ ಮುಳುಗಿದ ಊರಿನ ಗೋಡೆಗಳು ಮೇಲೇಳುತ್ತವೆ. ಅವುಗಳ ನೆರಳಿನಲ್ಲಿ ಕೂತು ಬೆಲ್ಲ ಶೇಂಗಾ ತಿಂದೆವು. ಅವಳು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೆ. ಇನ್ನೊಂದು ವರ್ಷ ಉಳಿಯಿತು ಎಂದು ನನ್ನ ಮನಸ್ಸು ಕುಣಿಯುತ್ತಿತ್ತು.

ಸಂಜೆ ಓಣಿಗೆ ಬಂದಾಗ ಕಂಬ ಹೇಳುತ್ತಿತ್ತು: “ಪ್ರೀತಿಯ ಪಾಲಕರೇ, ಹೊನ್ನಿ ಇಂದು ಒಂದೇ ಸಲಕ್ಕೆ ಕಿವಿ ಮುಟ್ಟಿದಳು. ನಗುನಗುತ್ತಾ ಮೊದಲ ಸಾಲಿನಲ್ಲಿ ಕೂತಳು. ಅವಳು ಈಗ ನಮ್ಮವಳು.” ಇಡೀ ದಿನ ಕಟ್ಟೆಯ ಬಳಿ ನಿಂತು, ಮಗಳು ಬಾರದ್ದನ್ನು ಕಣ್ಣಾರೆ ಕಂಡ ರತ್ನವ್ವ ಓಣಿಗೆಲ್ಲ ಸಕ್ಕರೆ ಹಂಚುತ್ತಿದ್ದಳು. ನನ್ನ ಬಾಯಿಗೂ ಹಾಕಿದಳು. ನನ್ನ ಕೈ ಹಿಡಿದು ನಿಂತಿದ್ದ ಹೊನ್ನಿಯ ಬಾಯಿಗೂ ಹಾಕಿ, “ತಗೋ, ನಮ್ಮ ಹೊನ್ನಿ ಸಾಲಿಗೆ ಸೇರ್ಯಾಳ” ಎಂದಳು.

ಮರುದಿನ ಮಕ್ಕಳನ್ನು ಒಯ್ಯುವ ನೆರಳುಬಂಡಿ ನಮ್ಮ ಬಾಗಿಲಲ್ಲಿ ನಿಂತಿತು. ಸುಗಂಧಾ ಹತ್ತಿದಳು. ಹೊನ್ನಿ ಆಗಲೇ ಶಾಲೆಯಲ್ಲಿದ್ದಾಳೆ ಎಂದು ಹೇಳಿ ಬಂಡಿ ಹೊರಟಿತು. ಅಂದಿನಿಂದ ಅವಳು ನನ್ನ ಜೊತೆಗಿದ್ದಾಳೆ. ಅವಳವ್ವ ಉಣ್ಣಲಿಕ್ಕೆ ಇಡುತ್ತಾಳೆ, ತಲೆ ಬಾಚುತ್ತಾಳೆ, ಆದರೆ ಮಾತಾಡುವುದು ಸಂಜೆ ಕಂಬದ ಜೊತೆ. ಕಂಬ ಹೇಳುವ ಹೊಸ ಹೊನ್ನಿ ಬಲು ಜಾಣೆ. ಅಕ್ಷರ ಕೂಡಿಸಿ ಓದುತ್ತಾಳೆ, ಬಿದ್ದವರನ್ನು ಎಬ್ಬಿಸುತ್ತಾಳೆ, ಹಟ ಮಾಡುವುದಿಲ್ಲ, ಸಿಕ್ಕಸಿಕ್ಕದ್ದನ್ನು ಕೇಳುವುದಿಲ್ಲ. ಓಣಿಯವರಿಗೆ ಅವಳ ಮೇಲೆ ಜೀವ.

ನಿಮ್ಮಲ್ಲಿ ನನ್ನದೊಂದೇ ಕೋರಿಕೆ. ಮಗು ಬಾರದ ದಿನವೂ ವರದಿ ಬೇಕೇ ಎಂಬ ಆ ಪ್ರಶ್ನೆ ನಿಮ್ಮ ಕಾಲದಲ್ಲಿಯೇ ಬರುತ್ತದೆ, ಬಹಳ ಸವಿಯಾಗಿ ಬರುತ್ತದೆ. ದಾಖಲಾತಿಯ ಹತ್ತಾರು ಪ್ರಶ್ನೆಗಳ ನಡುವೆ ಅದು ನಿಮ್ಮ ಕಣ್ಣಿಗೂ ಬೀಳಲಿಕ್ಕಿಲ್ಲ. ಹುಡುಕಿ, ಬೇಡ ಎನ್ನಿ. ಸುದ್ದಿಯಿಲ್ಲದ ಸಂಜೆಯನ್ನು ಸಹಿಸಿಕೊಳ್ಳಿ. ಮಗ್ಗಿ ತಪ್ಪಿದ, ಜಗಳವಾಡಿ ಬಂದ, ಮೂಗು ಸೋರುವ ಮಗು ಎದುರಿಗಿದ್ದರೆ ಅದರ ಮುಖ ನೋಡಿ.

ನಿನ್ನೆ ವರದಿ ಮುಗಿದ ಮೇಲೆ ಹೊನ್ನಿ ನನ್ನ ಸೆರಗು ಜಗ್ಗಿ ಕೇಳಿದಳು: “ಆಯಿ, ಸಾಲ್ಯಾಗಿನ ಹೊನ್ನಿ ಭಾಳ ಶಾಣ್ಯಾಕಿ. ಆಕಿ ಮನಿಗೆ ಬಂದ್ರ ನಾ ಎಲ್ಲಿ ಮಲಗ್ಲಿ?”

ನನ್ನ ಮಗ್ಗುಲಲ್ಲಿ ಎಂದೆ. ನಾನು ಇರುವತನಕ ಅದು ಸರಿ. ನಾನು ಮಣ್ಣಾದ ಮರುದಿನ ಈ ಮನೆಯಲ್ಲಿರುವ ಮಗುವೇ ಹೊನ್ನಿ ಎಂದು ಬಲ್ಲವರು ಯಾರೂ ಇರುವುದಿಲ್ಲ.

ಇಂತಿ ನಿಮ್ಮ ಮುಂದಿನವಳು,
ನೀಲಗಂಗವ್ವ