ಕೆಂಚಣ್ಣನ ಹೆಸರಲ್ಲಿ ಊದಿದ ಉಸಿರು

ಹೊಸಪೇಟೆ
೧೪ ಜೂನ್ ೨೦೨೫, ಶನಿವಾರ

ಹೇಮಾ,

ಆಶೀರ್ವಾದ ಕೊನೆಗೆ ಬರೆಯುತ್ತೇನೆ, ಮನಸ್ಸು ಬಂದರೆ.

ಫೋನಿನಲ್ಲಿ ನಾನು ದನಿ ಏರಿಸಿದ ಕೂಡಲೇ ನೀನು ಕಟ್ ಮಾಡುತ್ತೀಯ. ಕಾಗದವನ್ನು ಹಾಗೆ ಕಟ್ ಮಾಡಲಾಗುವುದಿಲ್ಲ. ಆಟೋ ಭರಮಣ್ಣ ನಾಳೆ ನಿಮ್ಮ ಕಾರ್ಖಾನೆ ಪಕ್ಕದ ವಡ್ಡು ಊರಿನ ಕಡೆ ಬರುತ್ತಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಪೂರ್ತಿ ಓದು.

ನಿನ್ನ ಸೋದರಮಾವ ಕೆಂಚಣ್ಣ ನಮ್ಮ ಮನೆಯಲ್ಲೇ ಮಲಗಿದ್ದಾನೆ. ಮಲಗಿದ್ದಾನೆ ಅನ್ನುವುದೂ ಸುಳ್ಳು. ಮಲಗಿದರೆ ಉಸಿರು ಸಿಗುವುದಿಲ್ಲ, ಗೋಡೆಗೆ ಒರಗಿ ಕೂತಿರುತ್ತಾನೆ. ಪಕ್ಕದಲ್ಲಿ ಬೂದಿ ಹಾಕಿದ ಡಬ್ಬಿ. ಅದಕ್ಕೆ ಅವನು ಉಗುಳುವುದು ನಿಮ್ಮ ಕಾರ್ಖಾನೆ ಯಾರ್ಡಿನ ಕೆಂಪು ಅದಿರಿನ ಬಣ್ಣದ್ದು. ನಿಮ್ಮವ್ವ ದಿನಕ್ಕೆ ನಾಲ್ಕು ಸಲ ಆ ಡಬ್ಬಿ ತೊಳೆಯುತ್ತಾಳೆ. ಅವಳು ತೊಳೆದು ಬಂದು ಬಡಿಸಿದರೆ ನಾನು ತಟ್ಟೆ ದೂರ ಸರಿಸುತ್ತೇನೆ. ಥೂ!

ಅದಿರು ಸಾಗಿಸುವ ಬೆಲ್ಟಿನ ಕೆಳಗೆ ಉದುರಿದ್ದನ್ನು ಬಾಚುತ್ತಾ ಅವನು ಕುಸಿದು ಬಿದ್ದ ಮೇಲೆ ಗುತ್ತಿಗೆದಾರ ಅಂದದ್ದೇನು ಗೊತ್ತೇ? "ಬೀಡಿ ಸೇದಿ ಬಂದ ರೋಗ ಇದು, ನಮ್ಮ ಕಡೆ ಬರಬ್ಯಾಡ್ರಿ." ಜನ್ಮದಲ್ಲಿ ಬೀಡಿ ಮುಟ್ಟದವನಿಗೆ!

ಬಳ್ಳಾರಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಎದೆಯ ಎಕ್ಸ್‌ರೇ ಫಿಲ್ಮು ನೋಡಿದರು, ಕಾರ್ಖಾನೆಯ ವರ್ಷದ ಆರೋಗ್ಯ ತಪಾಸಣೆಯ ಕಾಗದ ನೋಡಿದರು, ನಕ್ಕರು. "ಏನ್ರಿ ಹಿರಿಯರ, ಫಿಲ್ಮಿನ್ಯಾಗ ಎದಿ ಪೂರಾ ಕಲ್ಲಾಗೈತಿ. ಕಾಗದದಾಗ ನೋಡಿದ್ರ ಈತ ಪೈಲ್ವಾನ! ಹಿಂಗಿದ್ರ ಪರಿಹಾರ ಯಾರು ಕೊಡ್ತಾರ?" ಅಂದರು. ನಾಲ್ಕು ವರ್ಷದ ಕಾಗದದಲ್ಲೂ ಒಂದೇ ಮಾತು: ಫಿಟ್. ಈ ವರ್ಷದ್ದರ ಕೆಳಗೆ ನಿನ್ನ ಸಹಿ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಇಂಗ್ಲಿಷ್ ಬರುವುದಿಲ್ಲ. ಮಗಳ ಸಹಿ ಗುರುತು ಸಿಗದಷ್ಟು ದಡ್ಡನಲ್ಲ.

ನೀನು ಫೋನಿನಲ್ಲಿ ಅತ್ತೆ. "ಮಾವನೇ ಕೈ ಮುಗದ ಅಪ್ಪಾ. ಅನ್‌ಫಿಟ್ ಬರದ್ರ ಅವತ್ತೇ ಗೇಟಿನ ಹೊರಗ ಹಾಕ್ತಿದ್ರು" ಅಂದೆ. ನಿಜ, ಹಾಕುತ್ತಿದ್ದರು. ಆದರೆ ಅನ್‌ಫಿಟ್ ಲೆಕ್ಕ ಜಾಸ್ತಿ ಆದರೆ ನಿನ್ನ ಪರ್ಮನೆಂಟ್ ಆರ್ಡರ್ ನಿಲ್ಲುತ್ತದೆ ಎಂದು ನಿಮ್ಮ ಸಾಹೇಬ ಹೇಳಿದ್ದನಲ್ಲ, ಅದನ್ನು ನುಂಗಿಕೊಂಡು ಮಾವ ಕೈ ಮುಗಿದದ್ದನ್ನು ಮಾತ್ರ ಯಾಕೆ ಹೇಳಿದೆ? ಕಾರ್ಮಿಕರ ಸುರಕ್ಷತೆ ನೋಡುವ ಎಂಜಿನಿಯರ್ ನೀನು. ತಪಾಸಣೆಯ ದಿನ ಕೆಂಚಣ್ಣನ ಬದಲು ಯಾರ್ಡಿನ ಪರಶುರಾಮ್ ಉಸಿರಿನ ಬಲ ಅಳೆಯುವ ಕೊಳವೆಗೆ ಊದುವಾಗ ಎದುರಿಗೇ ನಿಂತಿದ್ದೆ. ಹೆಲ್ಮೆಟ್ ಹಾಕಿ ಮುಖಕ್ಕೆ ಕೆಂಪು ಧೂಳು ಮೆತ್ತಿದ ಮೇಲೆ ಡಾಕ್ಟರಿಗೆ ಎಲ್ಲರೂ ಒಂದೇ. ನಿನಗೂ ಒಂದೇ ಆದರೇ?

ಆ ಪರಶುರಾಮನಿಗಾದರೂ ನಾಚಿಕೆ ಬೇಡವೇ? ಕೆಂಚಣ್ಣನಿಂದ ಸಿಕ್ಕಿದ್ದಾದರೂ ಏನು? ಒಂದು ಪ್ಲೇಟ್ ಮಂಡಕ್ಕಿ ಒಗ್ಗರಣೆ, ನಾಲ್ಕು ಮಿರ್ಚಿ ಬಜ್ಜಿ. ಅಷ್ಟೇ.

ಸೋಮವಾರ ನಿನಗೆ ಪರ್ಮನೆಂಟ್ ಆರ್ಡರ್ ಕೊಡುತ್ತಾರಂತೆ. ತೆಗೆದುಕೊಳ್ಳಲೇ ಎಂದು ಕೇಳಿದ್ದೀಯ. ಅದಕ್ಕೆ ಮೊದಲು, ಊದಿದವನು ಕೆಂಚಣ್ಣನಲ್ಲ, ಗೊತ್ತಿದ್ದೇ ಸಹಿ ಹಾಕಿದೆ ಎಂದು ಬರೆದುಕೊಡು. ಆಮೇಲೂ ಆರ್ಡರ್ ಕೊಟ್ಟರೆ ತೆಗೆದುಕೋ. ಕೊಡುವುದಿಲ್ಲ, ನನಗೆ ಗೊತ್ತು. ತುಂಗಭದ್ರಾ ಡ್ಯಾಂ ಹತ್ತಿರ ನೀರು ಪರೀಕ್ಷೆ ಮಾಡುವ ಲ್ಯಾಬಿನ ಕೆಲಸವನ್ನು ಅರ್ಧ ಸಂಬಳ ಎಂದು ಬಿಟ್ಟೆಯಲ್ಲ, ಅಲ್ಲಿ ಇನ್ನೊಮ್ಮೆ ಕೇಳು. ಅರ್ಧ ಸಂಬಳದಲ್ಲಿ ಉಂಡ ಅನ್ನ ಹೊಟ್ಟೆಯಲ್ಲಿ ನಿಲ್ಲುತ್ತದೆ.

ನೀನು ಬರೆದುಕೊಟ್ಟರೆ ಕೆಂಚಣ್ಣನಿಗೆ ಪರಿಹಾರ ಕೇಳುವ ದಾರಿಯಾದರೂ ತೆರೆಯುತ್ತದೆ. ಇಲ್ಲದಿದ್ದರೆ ಅವನು ಕಾಗದದಲ್ಲಿ ಪೈಲ್ವಾನನಾಗಿಯೇ ಸಾಯುತ್ತಾನೆ.

ನಿಮ್ಮಪ್ಪ
ಸುಂಕಪ್ಪ

ತಾ.ಕ.: ಆಶೀರ್ವಾದ ಬರೆಯದೆ ಬಿಟ್ಟದ್ದು ನಿನ್ನ ಮೇಲಿನ ಸಿಟ್ಟಿಗಷ್ಟೇ ಅಲ್ಲ. ಪರಶುರಾಮ್ ಊದಿದ್ದು ಈ ವರ್ಷದ್ದೊಂದೇ. ಹಿಂದಿನ ಮೂರು ವರ್ಷ, ನಾನು ಯಾರ್ಡಿನ ಕೆಲಸ ಬಿಡುವವರೆಗೆ, ಕೆಂಚಣ್ಣನ ಹೆಸರು ಕೂಗಿದಾಗ ಎದ್ದು ಹೋಗಿ ಊದಿದವನು ನಾನು. ನನ್ನ ಎದೆ ಗಟ್ಟಿ ಎಂದು ಭಾಳ ಜಂಬದಿಂದ ಊದಿದೆ. ಊದಿದ ದಿನ ಸಂಜೆ ಅವನು ಕೊಡಿಸುತ್ತಿದ್ದ ಮಿರ್ಚಿ ಪೊಟ್ಟಣವನ್ನು ಕಾಲೇಜಿನಿಂದ ಬಂದ ನೀನೇ ಬಿಚ್ಚುತ್ತಿದ್ದೆ. ಮಾವ ಯಾಕೆ ಕೊಡಿಸಿದ ಎಂದು ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ನಿಮ್ಮವ್ವನಿಗೆ ಇವತ್ತು ಹೇಳಿದೆ. ಡಬ್ಬಿ ತೊಳೆಯುವ ಕೆಲಸ ಇನ್ನು ಮುಂದೆ ನನ್ನದು. ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ನಿಮ್ಮ ಕಾರ್ಖಾನೆಯ ಗೇಟಿನ ಹತ್ತಿರ ನಿಂತಿರುತ್ತೇನೆ. ನೀನು ಬರೆದುಕೊಡುವ ಕಾಗದದಲ್ಲಿ ನನ್ನ ಸಹಿಗೂ ಜಾಗ ಬಿಟ್ಟಿರು.